ಬಸ್ಸಿಗೆ ಕಾಯದ ಜೀಪು

ಕಡಬ ಪೇಟೆಯಿಂದ ಗುಡ್ಡದ ಮೇಲಿನ ನಮ್ಮ ಊರಿಗೆ ಸರ್ವಿಸ್ ಜೀಪು ಓಡಿಸುವ ಸರ್ವೋತ್ತಮನಿಗೆ ಒಂದು ದೊಡ್ಡ ಹೆಮ್ಮೆ ಇತ್ತು. ಪುತ್ತೂರಿನ ಸಂಜೆಯ ಬಸ್ಸು ಬಾರದೆ ಅವನ ಜೀಪು ಹೊರಡುತ್ತಿರಲಿಲ್ಲ. ಬಸ್ಸು ಸವಣೂರು ದಾಟುವಾಗ ಕಂಡಕ್ಟರ್ ನವಾಝ್ ಒಂದು ಮಿಸ್ಡ್ ಕಾಲ್ ಕೊಡಬೇಕು, ಇವನು ಚಾ ಮುಗಿಸಿ ಜೀಪಿನ ಮೇಲೆ ಗೋಣಿ ಏರಿಸಬೇಕು. ಇದಕ್ಕೆ ಯಾವ ಇಲಾಖೆಯ ಆದೇಶವೂ ಇರಲಿಲ್ಲ. ಮಳೆಗೆ ಸೇತುವೆ ಮುಳುಗಿದರೆ ಆಚೆ ದಡದವರೆಗೆ ನೌಷಾದನ ರಿಕ್ಷಾ, ಈಚೆ ದಡದಿಂದ ಇವನ ಜೀಪು. ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಕೊಂಡು ನಾವು ಹೇಗೋ ಮನೆ ಸೇರುತ್ತಿದ್ದೆವು. ಇದನ್ನೆಲ್ಲ ತಾನೊಬ್ಬನೇ ಕಟ್ಟಿದ್ದು ಎನ್ನುವ ಹಾಗೆ ಸರ್ವೋತ್ತಮ ಹೇಳಿಕೊಳ್ಳುತ್ತಿದ್ದ. ನಾವು ಹೂಂ ಅನ್ನುತ್ತಿದ್ದೆವು. ಅನ್ನದಿದ್ದರೆ ಸೀಟು ಸಿಗಬೇಕಲ್ಲ!

ನೀಲಾವತಿಯಕ್ಕನ ವಿಷಯದಲ್ಲಿ ಮಾತ್ರ ಅವನ ಜಂಬ ಸುಳ್ಳಲ್ಲ. ಡಯಾಲಿಸಿಸ್‌ಗೆಂದು ಅವರು ಸೋಮವಾರ, ಗುರುವಾರ ಪುತ್ತೂರಿಗೆ ಹೋಗಬೇಕು. ಮೊದಮೊದಲು ಬೇಸತ್ತು, "ಸಾಕು ಮಾರಾಯ, ಈ ಹೋಗುದು ಬರುದೇ ದೊಡ್ಡ ಕಾಯಿಲೆ. ಇನ್ನು ನಾನು ಹೋಗುದಿಲ್ಲ" ಎಂದು ಹಟ ಹಿಡಿದಿದ್ದರು. ಗಂಡ ಚನಿಯಪ್ಪಣ್ಣ ಬೇಡಿಕೊಂಡರೂ ಕೇಳಲಿಲ್ಲ. "ನೀವು ಬಸ್ಸಿಂದ ಇಳಿಯದೆ ನಾನು ಜೀಪು ಬಿಡುದಿಲ್ಲ ಅಕ್ಕ" ಎಂದು ಸರ್ವೋತ್ತಮ ಹೇಳಿದ ಮೇಲೆಯೇ ಒಪ್ಪಿದ್ದು.

ಕಡಬದಲ್ಲಿ ನನ್ನದೊಂದು ಟೈಲರ್ ಅಂಗಡಿ. ಬಾಗಿಲು ಹಾಕಿ ನಾನೂ ಅದೇ ಜೀಪಿಗೆ ಹತ್ತುವವನು. ಒಂದು ಭಾನುವಾರ ಸಂಜೆ ನವಾಝ್ ಬಸ್ಸಿನಿಂದಿಳಿದವನೇ, "ಸರ್ವೋತ್ತಮಣ್ಣ, ಗುಜರಿಯವರು ಕೇಳ್ತಿದ್ರು, ಜೀಪು ತೂಕಕ್ಕೆ ಕೊಡ್ತೀರಾ?" ಅಂದ. ನಾವೆಲ್ಲ ನಕ್ಕೆವು. ಸರ್ವೋತ್ತಮನ ಮುಖ ಕೆಂಪೇರಿತು.

ಮರುದಿನ ಬಸ್ಸು ತಡವಾಯಿತು. ಸವಣೂರಿನ ಹತ್ತಿರ ಮರ ಬಿದ್ದು ರಸ್ತೆ ಬಂದ್ ಆಗಿ, ಬಸ್ಸು ಕೊಯಿಲದ ದಾರಿಯಲ್ಲಿ ಸುತ್ತಿ ಬರುತ್ತಿತ್ತಂತೆ. ನಮಗದು ಗೊತ್ತಿಲ್ಲ. ಸವಣೂರಿನ ಮಿಸ್ಡ್ ಕಾಲ್ ಬರಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಸರ್ವೋತ್ತಮನ ಫೋನು ಬಿಡದೆ ರಿಂಗಾಯಿತು. ಅವನು ಹೆಸರು ನೋಡಿ ಫೋನನ್ನು ಮಗುಚಿಟ್ಟ. "ಯಾವುದೋ ಕಂಪೆನಿಯವರು" ಅಂದ. ಮತ್ತೆ ರಿಂಗಾಯಿತು. "ಇವತ್ತು ಬಸ್ಸಿಲ್ಲ, ಹತ್ತಿ" ಎಂದು ಗಾಡಿ ಸ್ಟಾರ್ಟ್ ಮಾಡಿಯೇಬಿಟ್ಟ.

ಅರ್ಧ ಏರು ಹತ್ತಿದಾಗ ಹಿಂದಿನ ಸೀಟಿನಿಂದ ಸುಂದರಿ ಕೇಳಿದಳು: "ನೀಲಾವತಿಯಕ್ಕ ಎಲ್ಲಿ? ಬೆಳಿಗ್ಗೆ ನಮ್ಮೊಟ್ಟಿಗೆ ಇಳಿದಿದ್ರಲ್ಲ?"

ನಾನು ಅವನ ಪಕ್ಕದಲ್ಲೇ ಕೂತಿದ್ದೆ. ನವಾಝನ ಮೇಲಿನ ಕೋಪದಲ್ಲಿ ಅಕ್ಕನನ್ನು ಅವನು ಪೂರ್ತಿ ಮರೆತಿದ್ದ ಎಂದು ಆ ಮುಖ ನೋಡಿದರೇ ತಿಳಿಯುತ್ತಿತ್ತು. ಮುಂದಿನ ತಿರುವಿನಲ್ಲಿ ಜೀಪು ತಿರುಗಿಸಲು ಧಾರಾಳ ಜಾಗವಿತ್ತು. ಆದರೆ ತಿರುಗಿಸಿದರೆ ಯಾಕೆಂದು ನಮಗೆಲ್ಲ ಹೇಳಬೇಕಿತ್ತು.

"ಅವರು ಇವತ್ತು ತಂಗಿ ಮನೆಯಲ್ಲಿ ನಿಲ್ತಾರಂತೆ" ಅಂದ. ತಿರುವು ದಾಟಿತು.

ಊರಿನಲ್ಲಿ ಅವನು ಜೀಪು ತೊಳೆಯುತ್ತಿದ್ದಾಗ ರಬ್ಬರ್ ಹಾಲು ಸಾಗಿಸುವ ಪಿಕಪ್ಪೊಂದು ಏರಿ ಬಂತು. ನೀಲಾವತಿಯಕ್ಕ ಅದರ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿ ಕೂತಿದ್ದರು. ಖಾಲಿ ಸ್ಟ್ಯಾಂಡ್ ನೋಡಿ ನವಾಝ್ ಅವರನ್ನು ನೌಷಾದನ ರಿಕ್ಷಾಕ್ಕೆ ಹತ್ತಿಸಿದ್ದ. ಏರಿನ ಬುಡದಲ್ಲಿ ರಿಕ್ಷಾ ಸೋತಾಗ ನೌಷಾದ್ ಪಿಕಪ್ಪಿಗೆ ಕೈ ಅಡ್ಡ ಹಿಡಿದಿದ್ದ. ಒಂದು ಕೊಂಡಿ ಕಳಚಿಕೊಂಡರೂ ಉಳಿದವರು ಕೂಡಿಸಿಕೊಂಡಿದ್ದರು. ಪಿಕಪ್ ದಾಟಿಹೋದ ಮೇಲೂ ಸರ್ವೋತ್ತಮ ಜೀಪಿನ ಹಿಂದಿನಿಂದ ಈಚೆ ಬರಲಿಲ್ಲ. ಅವನ ಕೈಯ ಪೈಪಿನಿಂದ ನೀರು ಸುಮ್ಮನೆ ಹರಿಯುತ್ತಿತ್ತು. ಅವನನ್ನು ಬೈಯಬೇಕೆಂದಿದ್ದ ನನಗೂ ನೋಡಲಾಗಲಿಲ್ಲ.

ಗುರುವಾರ ಬೆಳಿಗ್ಗೆ ನೀಲಾವತಿಯಕ್ಕ ಎಂದಿನಂತೆ ಜೀಪಿಗೆ ಬಂದರು. ಕಡಬದಲ್ಲಿ ಬಸ್ಸಿನ ಮೆಟ್ಟಿಲಿಗೆ ಕಾಲಿಡುತ್ತ, ಬ್ಯಾಗು ಹಿಡಿದು ಹಿಂದೆ ಬಂದಿದ್ದ ಸರ್ವೋತ್ತಮನಿಗೆ ಹೇಳಿದರು: "ನೀನೆಂತ ಮೂರು ದಿನದಿಂದ ಮುಖ ತಪ್ಪಿಸುದು? ನಂಗೆ ಬೇಜಾರಿಲ್ಲ. ಬಸ್ಸು ಕೊಯಿಲದಲ್ಲಿ ಬಂದದ್ದು ನಿನಗೆ ಹೇಗೆ ಗೊತ್ತಾಗ್ಬೇಕು? ಕಾಲ್ ಮಾಡ್ಲಿಕ್ಕೆ ರೇಂಜ್ ಇರ್ಲಿಲ್ಲಂತೆ. ಅಲ್ವಾ ನವಾಝ್?"

ಬಾಗಿಲಲ್ಲಿ ನಿಂತಿದ್ದ ನವಾಝ್ ಸರ್ವೋತ್ತಮನನ್ನೊಮ್ಮೆ ನೋಡಿದ. "ಹೌದಕ್ಕ, ರೇಂಜೇ ಇರ್ಲಿಲ್ಲ" ಅಂದ.

ಬೈದಿದ್ದರೆ ಸರ್ವೋತ್ತಮ ತಡೆದುಕೊಳ್ಳುತ್ತಿದ್ದನೇನೋ. ನಾಚಿಕೆಯಿಂದ ಅವನ ಕುತ್ತಿಗೆ ಬಗ್ಗಿತು. "ರೇಂಜ್ ಇತ್ತು ಅಕ್ಕ. ಕಾಲ್ ಬಂದಿತ್ತು, ನಾನೇ ತೆಗೀಲಿಲ್ಲ. ನೀವು ಬಸ್ಸಲ್ಲಿದ್ದೀರಿ ಅಂತ ನೆನಪಾದ ಮೇಲೂ ತಿರುಗಿಸ್ಲಿಲ್ಲ."

ಅಕ್ಕ ಮೆಟ್ಟಿಲಿನಿಂದ ಕಾಲು ಕೆಳಗಿಟ್ಟರು. ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ.

"ನಾನೀಗ ಹತ್ತುದಾ, ಮನೆಗೆ ಹೋಗುದಾ? ಅದೊಂದು ಹೇಳು" ಅಂದರು.

ಸರ್ವೋತ್ತಮ ನವಾಝನ ಕಡೆ ನೋಡಿದ.

"ಹತ್ತಿ ಅಕ್ಕ. ಸಂಜೆ ಜೀಪು ಇರ್ತದೆ" ಅಂದ ನವಾಝ್.

ಸರ್ವೋತ್ತಮನ ಜೀಪಿನ ಬಗ್ಗೆ ಮಾತು ಕೊಟ್ಟವನು ಬಸ್ಸಿನ ಕಂಡಕ್ಟರು. ನೀಲಾವತಿಯಕ್ಕ ಅವನ ಮಾತು ನಂಬಿ ಬಸ್ಸು ಹತ್ತಿದರು.