ಟೀಚರಮ್ಮನ ಓಟು

ಹೋದ ತಿಂಗಳು ಕಂಪ್ಲಿ ಬಜಾರಿನಲ್ಲಿ ಅಕ್ಕಸಾಲಿಗನ ಮುಂದೆ ಕುಳಿತಿದ್ದೆ. ಮಗಳ ತಾಳಿಯ ಗುಂಡು ಚಪ್ಪಟೆಯಾಗಿತ್ತು. ಒಳಗೆ ತುಂಬಲು ಅವನು ಅರಗು ಕಾಯಿಸಿದ. ಆ ಹೊಗೆ ಮೂಗಿಗೆ ಬಡಿಯುತ್ತಲೇ ನನ್ನ ಬಾಯಿಗೆ ರಕ್ತದ ರುಚಿ ಬಂತು.

"ಯಾಕಮ್ಮ, ತಲಿ ತಿರಗತೈತೇನು?" ಎಂದ ಅಕ್ಕಸಾಲಿಗ.

ಇಲ್ಲ ಅಂದೆ. ಅರಗು ಅಂದರೆ ನನಗೆ ಬಂಗಾರ ನೆನಪಾಗುವುದಿಲ್ಲ, ಓಟಿನ ಡಬ್ಬಿ ನೆನಪಾಗುತ್ತದೆ. ಡಬ್ಬಿಗೆ ಅರಗು ಹಾಕುವುದನ್ನು ಪಕ್ಕದಲ್ಲೇ ಕುಳಿತು ನೋಡಬೇಕು ಅಂತ ಕಲಿಸಿದವಳು ನಮ್ಮ ಟೀಚರಮ್ಮ.

ಅವಳು ಶಾಲೆಯ ಟೀಚರ್ ಅಲ್ಲ. ಸಂಡೂರು ಕಡೆಯವಳು, ಅಪ್ಪ ಗಣಿಯಲ್ಲಿ ಲಾರಿಗೆ ಅದಿರು ತುಂಬುತ್ತಿದ್ದನಂತೆ. ವಯಸ್ಸಾದವರಿಗೆ ಅಕ್ಷರ ಕಲಿಸುವ ಕೆಲಸಕ್ಕೆಂದು ನಮ್ಮೂರಿಗೆ ಬಂದು, ನಮ್ಮ ಓಣಿಯಲ್ಲೇ ಒಂದು ಕೋಣೆ ಹಿಡಿದು ಏಳೆಂಟು ವರ್ಷ ಇದ್ದಳು. ನಾವು ನಾಟಿ ಮುಗಿಸಿ ಬರುವ ಹೊತ್ತಿಗೆ ಬೋರಿಂಗಿನ ಹತ್ತಿರ ಬೇವಿನ ಮರದ ಕೆಳಗೆ ಹಲಗೆ ಇಟ್ಟುಕೊಂಡು ಕಾಯುತ್ತಿದ್ದಳು. ನಾನು ನನ್ನ ಹೆಸರು ಬರೆಯಲು ಕಲಿತದ್ದು ಅಲ್ಲಿ. ಇವತ್ತು ಇಷ್ಟು ಬರೆಯುತ್ತಿರುವುದೂ ಆ ಕಲಿಕೆಯಿಂದಲೇ.

ಆಗ ನಮ್ಮೂರಲ್ಲಿ ಒಂದು ಪದ್ಧತಿ ಇತ್ತು. ಪಂಚಾಯ್ತಿ ಓಟಿನ ದಿನ ನಮ್ಮ ಓಣಿಯ ಹೆಂಗಸರೆಲ್ಲ ಕುರುಡರಾಗುತ್ತಿದ್ದೆವು. ಕಣ್ಣು ಕಾಣದವರ ಜೊತೆ ಒಬ್ಬರು ಒಳಗೆ ಹೋಗಿ ಮುದ್ರೆ ಒತ್ತಬಹುದು ಅಂತ ಕಾನೂನು ಇದೆಯಲ್ಲ, ಅದನ್ನು ಹಿಡಿದು ರೈಸ್‌ಮಿಲ್ ಸಾಹುಕಾರನ ತಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದ. "ಈಕಿಗೆ ಕಣ್ಣು ಮಂಜು" ಅನ್ನುವುದು, ಕೈ ಹಿಡಿದು ಒಳಗೆ ಎಳೆಯುವುದು, ತಾನೇ ಒತ್ತುವುದು. ಅಕ್ಕಿಯಲ್ಲಿ ಕಲ್ಲು ಆರಿಸುವ ನನಗೆ ಓಟಿನ ದಿನ ಮಾತ್ರ ಕಣ್ಣು ಹೋಗುತ್ತಿತ್ತು. ಕೂಲಿ ಅವರ ಗದ್ದೆಯಲ್ಲೇ, ಸುಮ್ಮನಿದ್ದೆವು.

ಟೀಚರಮ್ಮ ಇದನ್ನು ಕೇಳಿ ಮೂರು ದಿನ ಪಾಠ ನಿಲ್ಲಿಸಿದಳು. ನಾಲ್ಕನೆಯ ದಿನ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಓಟಿನ ಗುರುತುಗಳನ್ನು ಬರೆದು ತಂದಳು. ಬೆಂಡೆಕಾಯಿ ಅಡ್ಡ ಕತ್ತರಿಸಿ, ಶಾಯಿಯಲ್ಲಿ ಅದ್ದಿ, ಮುದ್ರೆಯ ಹಾಗೆ ಒತ್ತಿಸಿದಳು. ಓಟಿನ ಚೀಟಿ ಅಡ್ಡಕ್ಕೆ ಮಡಚಿದರೆ ಹಸಿ ಶಾಯಿ ಇನ್ನೊಂದು ಗುರುತಿಗೆ ಹತ್ತಿ ಓಟು ಕೆಡುತ್ತದೆ, ಉದ್ದಕ್ಕೆ ಮಡಚಬೇಕು ಅಂತ ನೂರು ಸಲ ಮಡಚಿಸಿದಳು. ಒಬ್ಬ ಮನುಷ್ಯ ಒಬ್ಬರು ಕುರುಡರಿಗಷ್ಟೇ ಜೊತೆ ಹೋಗಬಹುದು, ಊರಿಗೆಲ್ಲ ಅಲ್ಲ, ಅದನ್ನೂ ಹೇಳಿದಳು.

"ಯಾರಿಗೆ ಹಾಕಬೇಕ್ರಿ ಟೀಚರಮ್ಮ?" ಎಂದು ಕೇಳಿದ್ದು ನನ್ನ ವಾರಗಿತ್ತಿ.

"ಅದನ್ನ ನನ್ನ ಕೇಳಿದರ ಕೈ ಮ್ಯಾಲೆ ಬಿಗೀತೀನಿ" ಅಂದಳು. ನಿಜವಾಗಲೂ ಸ್ಕೇಲಿನಿಂದ ಬಿಗಿದಳು. ಗೆಣ್ಣು ಊದಿತ್ತು.

ಆ ವರ್ಷ ಅದೇ ವಾರಗಿತ್ತಿ ಪಂಚಾಯ್ತಿಗೆ ನಿಂತಳು. ಗುರುತು ಹೊಲಿಗೆ ಮಿಷನ್. ಎದುರಿಗೆ ಸಾಹುಕಾರನ ಮನೆಯ ಹೆಂಗಸು, ಗ್ಯಾಸ್ ಸಿಲಿಂಡರ್. ನಾನು ವಾರಗಿತ್ತಿಯ ಏಜೆಂಟು.

ಓಟಿನ ಹಿಂದಿನ ದಿನ ಮಧ್ಯಾಹ್ನ ಟೀಚರಮ್ಮ ಮುದುಕಿಯರಿಗೆ ಕೊನೆಯ ಸಲ ಒತ್ತಿಸುತ್ತಿದ್ದಾಗ ಸಾಹುಕಾರನ ತಮ್ಮ ಇನ್ನಿಬ್ಬರ ಜೊತೆ ಬಂದ. "ನಮ್ಮೂರ ಹೆಂಗಸರಿಗೆ ಕಣ್ಣು ಕೊಡಾಕ ಬಂದೀಯೇನಲೇ? ನಿನ್ನ ಕಣ್ಣು ಎಲ್ಲಿರತಾವ ನೋಡೂಣು" ಅಂದ. ಜಡೆ ಹಿಡಿದು ಅವಳ ಮುಖವನ್ನು ಬೋರಿಂಗಿನ ಕಬ್ಬಿಣಕ್ಕೆ ಹೊಡೆದ. ಒಂದು ಸಲ ಅಲ್ಲ. ಮೊದಲ ಹೊಡೆತಕ್ಕೆ ಕೂಗಿದಳು, ಆಮೇಲೆ ಕೂಗಲಿಲ್ಲ. ತೆಂಗಿನಕಾಯಿ ಒಡೆದಂಥ ಸದ್ದು... ಮುದುಕಿಯರು ಓಡಿದರು. ನಾನು ಕೈಯಲ್ಲಿದ್ದ ಕುಡುಗೋಲಿನ ಹಿಂಬದಿಯಿಂದ ಅವನ ಮೊಣಕಾಲಿಗೆ ಹೊಡೆದೆ. ಎಲುಬು ಕರಕ್ ಅಂದಿತು. ಸಾಯುವ ತನಕ ಕುಂಟಿದ. ನನಗೆ ಅದರ ಬಗ್ಗೆ ಏನೂ ಅನ್ನಿಸುವುದಿಲ್ಲ.

ಮರುದಿನ ಬೆಳಿಗ್ಗೆ ಮತಗಟ್ಟೆಯಲ್ಲಿ ಡಬ್ಬಿ ಬೋರಲು ಹಾಕಿ ತೋರಿಸಿ ಅಂದೆ, ತೋರಿಸಿದರು. ಅರಗು ಕಾಯಿಸಿ ಹಾಕಿದರು. ಹತ್ತಿರವೇ ಕುಳಿತು ನೋಡಿದೆ. ಸಾಹುಕಾರನ ತಮ್ಮ ಬಡಿಗೆ ಊರಿಕೊಂಡು ಬಂದು ಬಾಗಿಲಲ್ಲಿ ಕುಳಿತ. ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರೇ ಅವನನ್ನು ದಾಟಿ ಬಂದರು. "ನಿನಗ ಕಣ್ಣು ಮಂಜಲ್ಲೇನಬೇ?" ಅಂತ ಅವನು ಕೇಳಿದರೆ ಒಬ್ಬಳು, "ನಿನ್ನ ಕಾಲಿಗಿಂತ ಚಂದ ಅದಾವ ಬಿಡಪ್ಪ" ಅಂದಳು.

ಹತ್ತು ಗಂಟೆಯ ಹೊತ್ತಿಗೆ ಟೀಚರಮ್ಮ ಗೋಡೆ ಸವರುತ್ತಾ ಬಂದಳು. ಮುಖ ಬದನೆಕಾಯಿ ಆಗಿತ್ತು. ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ಜೊತೆಗೆ ಯಾರಾದರೂ ಬೇಕೇ ಅಂತ ಅಧಿಕಾರಿ ಕೇಳಿದರು. ಯಾವುದು ಬೇಡ ಅಂತ ನಮಗೆಲ್ಲ ಹೇಳಿದ್ದಳೋ ಅದೇ ಅವಳ ಪಾಲಿಗೆ ಬಂದಿತ್ತು.

"ನಾ ಬರ್ತೀನಿ ಬಾರಮ್ಮ ಟೀಚರ್, ನನಗ ರೂಢಿ ಐತಿ" ಅಂದ ಸಾಹುಕಾರನ ತಮ್ಮ. ಅವನ ಮಂದಿ ನಕ್ಕರು.

"ಅಕ್ಕ ಅದಾಳೇನ್ರಿ ಇಲ್ಲಿ? ಅಕ್ಕ ಬರ್ಲಿ" ಅಂದಳು. ನನ್ನನ್ನೇ.

ಅಧಿಕಾರಿ ಒಂದು ಕಾಗದ ಓದಿದರು. ಇವರು ಯಾರಿಗೆ ಓಟು ಹಾಕಿದರು ಅಂತ ನಾನು ಯಾರಿಗೂ ಹೇಳುವುದಿಲ್ಲ ಅಂತ ಬರೆದಿತ್ತು. ಸಹಿ ಹಾಕಿದೆ. ರಟ್ಟಿನ ಮರೆಯಲ್ಲಿ ಅವಳು ನನ್ನ ಕಿವಿಗೆ ಬಾಯಿ ಹಚ್ಚಿ ಒಂದು ಗುರುತು ಹೇಳಿದಳು. ಅದಕ್ಕೇ ಒತ್ತಿದೆ. ಉದ್ದಕ್ಕೆ ಮಡಚಿದೆ.

ಹೊಸಪೇಟೆಯಲ್ಲಿ ಎಣಿಕೆ ಆಯಿತು. ವಾರಗಿತ್ತಿ ಒಂದು ಓಟಿನಿಂದ ಸೋತಳು.

ಒಂದೇ ಓಟು. ಮನೆಯವರಿಗೆ ಇನ್ನೇನು ಬೇಕು? ಹೊಲಿಗೆ ಮಿಷನ್ನಿಗೇ ಒತ್ತಿದ್ದೇವೆ ಅಂತ ಓಣಿಯವರೆಲ್ಲ ದೇವರ ಮೇಲೆ ಆಣೆ ಮಾಡಿದರು. ಉಳಿದದ್ದು ಟೀಚರಮ್ಮನ ಓಟು. ಆಕೆ ಯಾವುದಕ್ಕೆ ಹಾಕಿದಳು, ನೀನು ಯಾವುದಕ್ಕೆ ಒತ್ತಿದಿ, ಹೇಳು ಅಂತ ಮೈದುನ ಕದ ಹಾಕಿದ. ನನ್ನ ಗಂಡ ಹೊಡೆದ. ಮೊದಲು ಕೈಯಿಂದ, ಆಮೇಲೆ ಒನಕೆಯಿಂದ. ಎರಡು ಹಲ್ಲು ಬಿದ್ದವು. ಒಂದನ್ನು ನುಂಗಿದೆ. ಹೊಲಿಗೆ ಮಿಷನ್ ಅಂದುಬಿಟ್ಟಿದ್ದರೆ, ನಿಜವಿರಲಿ ಸುಳ್ಳಿರಲಿ, ಬಿಟ್ಟುಬಿಡುತ್ತಿದ್ದರು. ಹೇಳಲಿಲ್ಲ. ಸಹಿ ಹಾಕಿದ್ದೆ.

ಮೂರನೆಯ ದಿನ ಟೀಚರಮ್ಮ ನೋಡಲು ಬಂದಳು. ಒಂದು ಕಣ್ಣು ತೆರೆದಿತ್ತು.

"ನನ್ನಿಂದ ಹಿಂಗಾತಲ್ಲ ಅಕ್ಕ. ಹೇಳಿಬಿಡು, ನಾ ಏನೂ ಅನ್ನಂಗಿಲ್ಲ."

"ನಿನ್ನ ಓಟು, ಬೇಕಾದರ ನೀ ಹೇಳ್ಕೋ. ನಾ ಯಾಕ ಹೇಳಲಿ?"

ಅವಳು ನಕ್ಕಳು. ತುಟಿಯ ಗಾಯ ಬಿರಿದು ರಕ್ತ ಬಂತು. ಸೆರಗಿನಿಂದ ಒರೆಸಿಕೊಂಡಳು. ತಾನೂ ಯಾರಿಗೂ ಹೇಳಲಿಲ್ಲ. ಆ ಸುಗ್ಗಿಯೊಳಗೆ ಸಾಹುಕಾರನ ಕಡೆಯವರು ಅವಳನ್ನು ಕೆಲಸ ಬಿಡಿಸಿ ಕಳಿಸಿದರು. ಒಂದು ಟ್ರಂಕು, ಒಂದು ಹಲಗೆ, ಅಷ್ಟೇ ಬಸ್ಸಿಗೆ ಹಾಕಿಕೊಂಡು ಹೋದಳು. ಮುಂದಿನ ಓಟಿಗೆ ನಮ್ಮ ಓಣಿಯಲ್ಲಿ ಕುರುಡರು ಯಾರೂ ಇರಲಿಲ್ಲ, ಹುಟ್ಟು ಕುರುಡಿ ಒಬ್ಬಳನ್ನು ಬಿಟ್ಟು. ಅವಳಿಗೂ ಅವಳ ಮಗಳೇ ಜೊತೆ ಹೋದಳು.

ಟೀಚರಮ್ಮ ತೀರಿಕೊಂಡದ್ದು ನನಗೆ ಗೊತ್ತಾದದ್ದು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ, ಸಂಡೂರಿನ ಹೆಂಗಸೊಬ್ಬಳ ಬಾಯಿಂದ. ಕಿಡ್ನಿ ಹೋಗಿತ್ತಂತೆ. ಅಷ್ಟರಲ್ಲಿ ವರ್ಷ ಕಳೆದಿತ್ತು. ಇಲ್ಲಿಂದ ಸಂಡೂರಿಗೆ ಎರಡು ಬಸ್ಸು. ಬದುಕಿದ್ದಾಗ ಒಂದು ಸಲ ಹೋಗಬೇಕಿತ್ತು... ಹೋಗಲಿಲ್ಲ. ಕೆಲಸ ಇತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ.

ಈಗ ಮತ್ತೆ ಪಂಚಾಯ್ತಿ ಓಟಿನ ಮಾತು ಶುರುವಾಗಿದೆ. ನಿನ್ನೆ ವಾರಗಿತ್ತಿ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತು ಎಲೆ ಮಡಚುತ್ತಿದ್ದಳು. ಅವಳಿಗೂ ಹಲ್ಲಿಲ್ಲ, ನನಗೂ ಇಲ್ಲ.

"ಈಗರ ಬಾಯಿ ಬಿಡಬೇ ಮುದುಕಿ" ಅಂದಳು. "ಹೊಡಿಯೋ ಗಂಡಸರೂ ಹೋದರು. ಆಕಿನೂ ಸತ್ತು ಮಣ್ಣಾಗ್ಯಾಳ. ಇನ್ಯಾರಿಗಂತ ಮುಚ್ಚಿಡತಿ?"

"ಆಕಿ ಸತ್ತಾಳ" ಅಂದೆ. "ನಾ ಇನ್ನಾ ಸತ್ತಿಲ್ಲಲ್ಲ."