ನಯನಾ ಸುಮ್ಮನಿದ್ದ ದಿನಗಳು

ಬೆಳಿಗ್ಗೆ ಉದ್ದು ನೆನೆಸಿದೆ, ಸೋರುವ ನಲ್ಲಿಗೆ ಬಟ್ಟೆ ಸುತ್ತಿದೆ, ಇಸ್ತ್ರಿಯವನಿಗೆ ಇವರ ಎರಡು ಅಂಗಿ ಕೊಟ್ಟೆ. ಇಷ್ಟನ್ನು ದಿನಚರಿಯಲ್ಲಿ ಬರೆದು, 'ಭಾನುವಾರ. ನಯನಾ ಮನೆಯಲ್ಲಿ. ಗಲಾಟೆ ಇಲ್ಲ' ಎಂದು ಸೇರಿಸುವಷ್ಟರಲ್ಲಿ ಪೆನ್ನು ನಿಂತಿತು. ಆ ಕೊನೆಯ ಎರಡು ಪದಗಳ ಮೇಲೆ ನನಗೆ ಹಳೆಯ ಅನುಮಾನ.

ಹೇಳುತ್ತೇನೆ, ಕೇಳಿ. ಇಲ್ಲಿ ಬಂಗಾಳದಲ್ಲಿ, ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಕಸ್ಬಾದ ನಮ್ಮ ನೆರೆಯವರೆಲ್ಲ ಮಕ್ಕಳನ್ನು ಕಂಪ್ಯೂಟರ್ ಕ್ಲಾಸಿಗೆ ಅಟ್ಟುತ್ತಿದ್ದರೆ, ನಮ್ಮ ಒಂಬತ್ತು ವರ್ಷದ ಮಗಳು ನಯನಾ ಐದು ನಿಮಿಷ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಡಾಕ್ಟರು ಎಡಿಎಚ್‌ಡಿ ಎಂದರು. ಅಂಥ ಮಕ್ಕಳಿಗೆ ಜೊತೆಯಲ್ಲೇ ಭಯ, ಖಿನ್ನತೆಯಂಥ ತೊಂದರೆಗಳೂ ಇರುತ್ತವೆಯೇ ಎಂದು ಸಂಶೋಧನೆ ಮಾಡುತ್ತಿದ್ದ ಮಧುಮಿತಾ ಎಂಬ ಬಂಗಾಳಿ ಹುಡುಗಿ, ಮೂರು ತಿಂಗಳು ಮಗಳ ದಿನಗಳನ್ನು ಬರೆದಿಡಲು ನನ್ನನ್ನು ಕೇಳಿದಳು. ಬರೆಯುವುದೆಂದರೆ ನನಗೆ ಸಡಗರ. ಗಾಜು ಒಡೆದದ್ದು, ಟಿಫಿನ್ ಡಬ್ಬಿ ಕಳೆದದ್ದು, ಎಲ್ಲ ಗಂಟೆ ಸಮೇತ. ಸುಮ್ಮನಿದ್ದ ದಿನಕ್ಕೆ ಮಾತ್ರ ಒಂದು ಕುಂಕುಮದ ಬೊಟ್ಟು.

"ಎಂತ ಮಾರಾಯ್ತಿ, ಮುಹೂರ್ತ ನೋಡ್ಲಿಕ್ಕುಂಟಾ ಇದರಲ್ಲಿ?" ಎಂದು ಇವರು ನಕ್ಕಿದ್ದರು.

ಮಧುಮಿತಾ ಪುಟ ತಿರುವಿ, ಅತ್ತಿಗೆಯನ್ನು ಕರೆವ ಸಲುಗೆಯಲ್ಲಿ, ಹಿಂದಿಯಲ್ಲಿ ಕೇಳಿದಳು, "ಬೌದಿ, ಈ ಕೆಂಪು ಬೊಟ್ಟು?"

"ಒಳ್ಳೆಯ ದಿನ," ಎಂದೆ, ಹೆಮ್ಮೆಯಿಂದ.

"ಹೆಚ್ಚಿನವು ಭಾನುವಾರವೇ. ಆ ದಿನ ಊಟ ಮಾಡಿದಳಾ? ಆಡಿದಳಾ?"

ಬರೆದಿರಲಿಲ್ಲ. ಬೊಟ್ಟಿಟ್ಟ ಮೇಲೆ ನೋಡಿಯೇ ಇರಲಿಲ್ಲ.

ಮುಂದಿನ ಭಾನುವಾರ ಕೆಲಸ ಬಿಟ್ಟು, ಕಿಟಕಿಯ ಸರಳು ಹಿಡಿದು ನಿಂತವಳ ಪಕ್ಕ ಕೂತೆ. "ಎಂತ ಆಯ್ತು ಮಗಾ?"

"ನಾಳೆ ಸ್ಕೂಲ್ ಹೈ ನಾ, ಅಮ್ಮಾ. ಎಲ್ರೂ ನಗ್ತಾರೆ. ನಾನು ಖರಾಬ್, ಅಲ್ವಾ?"

ನಾನು ಕುಂಕುಮವಿಟ್ಟದ್ದು ಆ ಭಯಕ್ಕೆ.

ಅಳುತ್ತ ಕೂರಲಿಲ್ಲ. ಕೇಳಿದ್ದನ್ನೆಲ್ಲ ಬರೆದು ಡಾಕ್ಟರಿಗೂ ಮಧುಮಿತಾಗೂ ಒಪ್ಪಿಸಿದೆ. ಭಯಕ್ಕೂ ಬೇರೆಯಾಗಿ ಚಿಕಿತ್ಸೆ ಶುರುವಾಯಿತು. ಎರಡು ವರ್ಷ, ಪ್ರತಿ ಬುಧವಾರ, ಎರಡು ಬಸ್ಸು ಬದಲಿಸಿ ಕರೆದೊಯ್ದೆ. ಒಂದು ವಾರವೂ ತಪ್ಪಿಸಲಿಲ್ಲ. ಭಾನುವಾರ ಮತ್ತೆ ಏನಾದರೂ ಒಡೆಯತೊಡಗಿದಾಗ ನನಗಾದ ಸಂತೋಷವನ್ನು ಯಾವ ತಾಯಿಗೆ ಹೇಳಲಿ!

ಇವತ್ತು ಪೆನ್ನು ಕೆಳಗಿಟ್ಟು ಎದ್ದು ಅವಳ ಕೋಣೆಗೆ ಹೋದೆ. ಆಫೀಸಿಗೆ ಹೋಗುವಷ್ಟು ದೊಡ್ಡವಳು, ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಎಂತ ಆಯ್ತೆಂದು ಕೇಳಿದ್ದಕ್ಕೆ, "ಎಂತ ಇಲ್ಲಮ್ಮ," ಎಂದಳು.

"ಇಲ್ಲದಿದ್ರೆ ಬೇಡ. ನಾನಿಲ್ಲೇ ಕೂತಿರ್ತೇನೆ."

ಅರ್ಧ ಗಂಟೆಗೆ ಮಾತು ಹೊರಟಿತು: ಆಫೀಸಿನಲ್ಲಾದ ತಪ್ಪು, ನಾಳೆ ಅದನ್ನು ಎಲ್ಲರೆದುರು ಒಪ್ಪಿಕೊಳ್ಳುವ ಹೆದರಿಕೆ. ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡುತ್ತೇನೆಂದು ಅವಳೇ ಹೇಳಿದಳು.

ಮಧ್ಯಾಹ್ನ ಅನ್ನ, ತಿಳಿಸಾರು, ಬೇಗುನ್ ಭಾಜಾ. ಹುರಿದ ಬದನೆಯ ಹೋಳು ಅವಳಿಗೇ ನಾಲ್ಕು. ಊಟವಾಗಿ ಅಡ್ಡಾದಾಗ ಮೊದಲು ನಿದ್ದೆ ಹೋದವಳು ನಾನು. ಅವಳು ಇನ್ನೂ ಮಾತಾಡುತ್ತಿದ್ದಳಂತೆ.