ಜ್ವರ ಇಲ್ಲ ಅಂದವಳು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಬಾಣಂತಿ ಎಂದೇ ರೇಗಿಸುತ್ತಿದ್ದರು. ಮದುವೆಯಿಲ್ಲ, ಮಕ್ಕಳಿಲ್ಲ, ಆದರೆ ರಜೆಯ ದಿನವೂ ಓಡಿಬಂದು ತಟ್ಟೆಗಳಿಗೆ ಉಣಿಸುವ ಹೆಂಗಸಿಗೆ ಬೇರೆ ಯಾವ ಹೆಸರು ಹೊಂದೀತು? ತಟ್ಟೆಗಳಲ್ಲಿ ಇದ್ದದ್ದು ಮನುಷ್ಯರ ಶ್ವಾಸಕೋಶದ ಜೀವಕೋಶಗಳು, ಆಪರೇಷನ್ನಿನಲ್ಲಿ ಕತ್ತರಿಸಿ ತೆಗೆದ ಚೂರುಗಳಿಂದ ಬೆಳೆಸಿದವು. ಹೊತ್ತಿಗೆ ಸರಿಯಾಗಿ ಪೋಷಕ ದ್ರವ ಬದಲಿಸದಿದ್ದರೆ ಸೊರಗಿಬಿಡುತ್ತಿದ್ದವು.

ಇಷ್ಟು ಅಕ್ಕರೆಯಿಂದ ಸಾಕಿದವಳೇ ಕೊನೆಗೆ ಅವುಗಳ ಮೇಲೆ ನ್ಯುಮೋನಿಯ ತರುವ ಬ್ಯಾಕ್ಟೀರಿಯ ಬಿಡಬೇಕಿತ್ತು. ಜೀವಕೋಶಗಳೇನು ಸುಮ್ಮನೆ ಸಾಯುವ ಪೈಕಿಯಲ್ಲ. ಬ್ಯಾಕ್ಟೀರಿಯ ಮೈ ಮುಟ್ಟಿದ್ದು ತಿಳಿದ ಕೂಡಲೇ ಬೊಬ್ಬೆ ಹೊಡೆಯುತ್ತವೆ. ಅಂದರೆ, ರಕ್ತದ ಬಿಳಿಕಣಗಳನ್ನು ಸಹಾಯಕ್ಕೆ ಕರೆಯುವ ರಾಸಾಯನಿಕಗಳನ್ನು ಸುರಿಯುತ್ತವೆ. ನಮಗೆ ಜ್ವರ ಬರುವುದೂ ಇಂಥ ಬೊಬ್ಬೆಯಿಂದಲೇ. ಆ ರಾಸಾಯನಿಕಗಳನ್ನು ಅಳೆಯುವ ಪರೀಕ್ಷೆಯಲ್ಲಿ ಬೊಬ್ಬೆ ಹೆಚ್ಚಿದಷ್ಟೂ ಹಳದಿ ಬಣ್ಣ ಗಾಢವಾಗುತ್ತಿತ್ತು. ಕೆಲವು ತಟ್ಟೆಗಳಿಗೆ ಮಾತ್ರ ಅವಳು ಮೊದಲೇ ಸ್ಟೆರಾಯ್ಡ್ ಹಾಕಿರುತ್ತಿದ್ದಳು. ಅಲ್ಲಿ ಬ್ಯಾಕ್ಟೀರಿಯ ತುಂಬಿದ್ದರೂ ಬಣ್ಣ ಏರುತ್ತಿರಲಿಲ್ಲ, ಜೀವಕೋಶಗಳ ಬಾಯಿ ಕಟ್ಟಿಹೋಗಿರುತ್ತಿತ್ತು.

ಮನೆಯಲ್ಲಿ ಅವಳು ಮತ್ತು ಅಮ್ಮ, ಇಬ್ಬರೇ. ಅಮ್ಮನಿಗೆ ಕೀಲುವಾತ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಬಿಳಿ ಮಾತ್ರೆಯನ್ನು ಅಮ್ಮನ ಅಂಗೈಗೆ ಹಾಕಿ ಬಸ್ಸು ಹಿಡಿಯಲು ಓಡುತ್ತಿದ್ದಳು. ಮನೆಯಲ್ಲಿ ಅದಕ್ಕೆ ಕೀಲಿನ ಮಾತ್ರೆ ಎಂದಷ್ಟೇ ಹೆಸರು.

ಒಮ್ಮೆ ಅಮ್ಮ ಊಟ ಬಿಟ್ಟಳು. ಹಗಲೆಲ್ಲ ನಿದ್ದೆ. ಎದ್ದಾಗ ಮಗಳನ್ನು ಯಾವಾಗಲೋ ತೀರಿಕೊಂಡ ತನ್ನ ತಂಗಿಯ ಹೆಸರಿನಿಂದ ಕರೆದಳು. ಬೇರೆ ಊರಿನಲ್ಲಿದ್ದ ಅಣ್ಣ ಫೋನು ಮಾಡಿ, "ಒಂದ್ಸಲ ಡಾಕ್ಟರಿಗೆ ತೋರಿಸೇ ಪುಟ್ಟಿ" ಅಂದ.

"ಜ್ವರ ಇಲ್ಲ, ಕೆಮ್ಮಿಲ್ಲ, ಏನೂ ಇಲ್ಲಣ್ಣ. ಒಳಗೆ ಸೋಂಕಿದ್ರೆ ಮೈ ಸುಮ್ಮನಿರುತ್ತಾ? ನಾನು ದಿನಾ ನೋಡೋದು ಅದನ್ನೇ ಅಲ್ವಾ. ವಯಸ್ಸಾಯ್ತು, ಅಷ್ಟೆ."

"ನೀನು ಹೇಳಿದ ಮೇಲೆ ಮುಗೀತು ಬಿಡು" ಎಂದು ಅಣ್ಣ ನಿರಾಳವಾದ.

ಅಮ್ಮನಿಗೆ ಮೇಲುಸಿರು ಹತ್ತಿ ತುಟಿ ನೀಲಿಯಾದ ದಿನ ಆಸ್ಪತ್ರೆಗೆ ಸೇರಿಸಿದರು. ಎಕ್ಸ್‌ರೇಯಲ್ಲಿ ಎದೆಯ ಒಂದು ಪಕ್ಕ ಪೂರ್ತಿ ಬೆಳ್ಳಗಿತ್ತು, ನ್ಯುಮೋನಿಯ. "ದಿನಾ ಯಾವ ಮಾತ್ರೆ ತಗೋತಾರೆ?" ಎಂದು ಡಾಕ್ಟರು ಕೇಳಿದರು. ಅವಳು ಹೆಸರು ಹೇಳಲು ಹೊರಟು ಅರ್ಧಕ್ಕೇ ನಿಂತಳು.

"ಸ್ಟೆರಾಯ್ಡಾ? ಅದಕ್ಕೇ ಜ್ವರ ಕಾಣಿಸಿಕೊಂಡಿಲ್ಲ" ಎಂದು ಅವರು ಮುಂದಿನ ಕೆಲಸಕ್ಕೆ ತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಇವಳ ಕಣ್ಣಿಗೆ ಅಂಗೈಯೇ ಬಿದ್ದಿರಲಿಲ್ಲ. ತಟ್ಟೆಯಲ್ಲಿ ಇಷ್ಟು ವರ್ಷ ಕಂಡದ್ದು ಹೆತ್ತವಳಲ್ಲಿ ಕಾಣಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆಮ್ಲಜನಕ ಏರಿಸಿದ ಮೇಲೆ ಸಂಜೆ ಅಮ್ಮನಿಗೆ ಸ್ವಲ್ಪ ತಿಳಿವು ಬಂತು. ನರ್ಸು ಮಾಸ್ಕ್ ಸರಿಸಿ ತುಟಿ ಒದ್ದೆ ಮಾಡಿದಳು. ಮಗಳು ಬಗ್ಗಿ, "ಎದೇಲಿ ನೋವಿತ್ತೇನಮ್ಮ?" ಅಂದಳು.

"ಚುಚ್ಚುತಿತ್ತು. ಸುಮಾರು ದಿನದಿಂದ."

"ಯಾಕಮ್ಮ ನನಗೆ ಹೇಳ್ಲಿಲ್ಲ?"

ಇದೆಂಥ ಪ್ರಶ್ನೆ ಎಂಬಂತೆ ಅಮ್ಮ ನೋಡಿದಳು. "ನೀನು ಅಣ್ಣಂಗೆ ಏನೂ ಇಲ್ಲ ಅಂದಿದ್ದು ಕೇಳಿಸ್ತು. ನಿನಗಿಂತ ನಾನು ತಿಳಿದೋಳಾ?"

ನರ್ಸು ಮಾಸ್ಕ್ ಮತ್ತೆ ಹಾಕಿದಳು. ಅಮ್ಮ ಆಡಿದ ಕೊನೆಯ ಮಾತು ಅದೇ.